ನೀರಿನ ಮೇಲಿಂದ ಏರುವ ವಿಮಾನ: ಮಾಲ್ಡೀವ್ಸ್ ರೆಸಾರ್ಟ್‌ಗೆ ಸೀಪ್ಲೇನ್ ಪ್ರಯಾಣ

ಮಾಲ್ಡೀವ್ಸ್‌ನಲ್ಲಿ ಸುಮಾರು 1,190 ದ್ವೀಪಗಳಿವೆ. ಉತ್ತರದಿಂದ ದಕ್ಷಿಣಕ್ಕೆ 860 ಕಿಲೋಮೀಟರ್‌ಗೂ ಹೆಚ್ಚು ದೂರ ಹರಡಿರುವ ಇವೆಲ್ಲ 26 ಅಟಾಲ್‌ಗಳಲ್ಲಿ, ಅಂದರೆ ಉಂಗುರದ ಆಕಾರದ ಹವಳದ ದಿಬ್ಬಗಳ ಮೇಲೆ ನೆಲೆ ನಿಂತಿವೆ. ಅಲ್ಲಿನ ಪ್ರವಾಸೋದ್ಯಮ ನಡೆಯುವುದು ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬ ಲೆಕ್ಕದಲ್ಲಿ. 1972ರಲ್ಲಿ ಮೊದಲ ರೆಸಾರ್ಟ್ ಕುರುಂಬಾ ಆರಂಭವಾದಾಗ ಈ ಲೆಕ್ಕ ಯಾರಿಗೂ ತೊಡಕಾಗಲಿಲ್ಲ. ಅದು ರಾಜಧಾನಿ ಮಾಲೆಯ ಪಕ್ಕದಲ್ಲೇ ಇತ್ತು, ದೋಣಿ ಸಾಕಿತ್ತು. ರೆಸಾರ್ಟ್‌ಗಳು ದೂರದ ಅಟಾಲ್‌ಗಳಿಗೆ ಹಬ್ಬಿದ ಮೇಲೆ ಕಥೆಯೇ ಬೇರೆಯಾಯಿತು. ಅಟಾಲ್‌ಗಳ ನಡುವಿನ ತೆರೆದ ಸಮುದ್ರದಲ್ಲಿ ದೋಣಿಯ ಪ್ರಯಾಣವೆಂದರೆ ಹಲವು ಗಂಟೆಗಳ ಹೊಯ್ದಾಟ. ಹಾಗೆಂದು ರನ್‌ವೇ ಕಟ್ಟೋಣವೆಂದರೆ, ಎಷ್ಟೋ ದ್ವೀಪಗಳು ಈ ತುದಿಯಿಂದ ಆ ತುದಿಗೆ ಹತ್ತು ನಿಮಿಷದಲ್ಲಿ ನಡೆದು ಮುಗಿಸುವಷ್ಟೇ ಇವೆ. ಆದರೆ ಪ್ರತಿ ದ್ವೀಪದ ಪಕ್ಕದಲ್ಲೂ ಹವಳದ ದಿಬ್ಬ ಅಲೆ ತಡೆದು ನಿಲ್ಲಿಸಿದ ಶಾಂತ ನೀರಿನ ಹರವು ಇದೆ. ವಿಮಾನ ಅದರ ಮೇಲೆಯೇ ಇಳಿಯಬಹುದಲ್ಲ!

ಮೊದಲು ಬಂದದ್ದು ಹೆಲಿಕಾಪ್ಟರ್, 1989ರಲ್ಲಿ. 1993ರಲ್ಲಿ ಸೀಪ್ಲೇನ್ ಸೇವೆ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಹೆಲಿಕಾಪ್ಟರ್‌ಗಳು ಹಿಂದೆ ಸರಿದು ಸೀಪ್ಲೇನ್‌ಗಳೇ ಉಳಿದವು. ಅಂದಿನ ಎರಡು ಪೈಪೋಟಿ ಕಂಪನಿಗಳು 2013ರಲ್ಲಿ ಒಬ್ಬರೇ ಒಡೆಯರ ಕೈಗೆ ಬಂದು, ಟ್ರಾನ್ಸ್ ಮಾಲ್ಡೀವಿಯನ್ ಏರ್‌ವೇಸ್ ಎಂಬ ಒಂದೇ ಹೆಸರಿನಡಿ ಸೇರಿದವು. ಈಗ ಅದರ ಬಳಿ 60ಕ್ಕೂ ಹೆಚ್ಚು ಸೀಪ್ಲೇನ್‌ಗಳಿವೆ. ಜಗತ್ತಿನಲ್ಲಿ ಇಷ್ಟು ಸೀಪ್ಲೇನ್ ಇಟ್ಟುಕೊಂಡಿರುವ ಕಂಪನಿ ಇನ್ನೊಂದಿಲ್ಲ. ಇದಲ್ಲದೆ ಸರ್ಕಾರಿ ಸಂಸ್ಥೆ ಮಾಲ್ಡೀವಿಯನ್ ಮತ್ತು ಖಾಸಗಿಯವರಾದ ಮಾಂಟಾ ಏರ್ ಕೂಡ ಸೀಪ್ಲೇನ್ ಹಾರಿಸುತ್ತವೆ. ಪ್ರಯಾಣಿಕರಿಗೆ ಇವುಗಳಲ್ಲಿ ಆಯ್ಕೆಯೇನೂ ಇರುವುದಿಲ್ಲ. ರೆಸಾರ್ಟ್ ಯಾರ ಜತೆ ಒಪ್ಪಂದ ಮಾಡಿಕೊಂಡಿದೆಯೋ ಅವರ ವಿಮಾನದಲ್ಲೇ ಹೋಗಬೇಕು.

ಟ್ವಿನ್ ಆಟರ್ ಎಂಬ ಹಳೆಯ ಜಟ್ಟಿ

ಈ ಸೇವೆಯ ಬೆನ್ನೆಲುಬು ಕೆನಡಾದ ಡಿ ಹ್ಯಾವಿಲ್ಯಾಂಡ್ ಕಂಪನಿಯ ಟ್ವಿನ್ ಆಟರ್ ವಿಮಾನ. ಇದು ಮೊದಲು ಹಾರಿದ್ದು 1965ರ ಮೇ ತಿಂಗಳಲ್ಲಿ. 1988ರಲ್ಲಿ ತಯಾರಿಕೆ ನಿಂತಿತು. ನಿಂತ ಮೇಲೂ ಬೇಡಿಕೆ ಕುಗ್ಗದ ಕಾರಣ ಇನ್ನೊಂದು ಕಂಪನಿ ಅದರ ಹಕ್ಕು ಪಡೆದು, 2010ರ ಹೊತ್ತಿಗೆ ಹೊಸ ಮಾದರಿಯನ್ನು ಹೊರತಂದಿತು. ಇಪ್ಪತ್ತು ವರ್ಷ ನಿಂತುಹೋಗಿದ್ದ ವಿಮಾನವೊಂದು ಮತ್ತೆ ಕಾರ್ಖಾನೆಯಿಂದ ಹೊರಬಂದ ಉದಾಹರಣೆಗಳು ಬಹಳ ಕಡಿಮೆ.

ಪ್ರೊಪೆಲ್ಲರ್ ಕಂಡ ಕೂಡಲೇ ಹಳೇ ಕಾಲದ ಎಂಜಿನ್ ಎಂದುಕೊಳ್ಳುವವರಿದ್ದಾರೆ. ಅದು ತಪ್ಪು. ಟ್ವಿನ್ ಆಟರ್‌ನ ಎರಡೂ ರೆಕ್ಕೆಗಳಲ್ಲಿರುವುದು ಪ್ರ್ಯಾಟ್ ಅಂಡ್ ವಿಟ್ನಿಯ ಪಿಟಿ6 ಟರ್ಬೈನ್. ಒಳಗೆ ಜೆಟ್ ಎಂಜಿನ್‌ನ ತತ್ವವೇ ಕೆಲಸ ಮಾಡುತ್ತದೆ, ಆದರೆ ಅದರ ಶಕ್ತಿ ಪ್ರೊಪೆಲ್ಲರನ್ನು ತಿರುಗಿಸುವುದಕ್ಕೆ ಬಳಕೆಯಾಗುತ್ತದೆ. ಕಡಿಮೆ ವೇಗದಲ್ಲಿ, ಕಡಿಮೆ ಜಾಗದಲ್ಲಿ ಏರಿ ಇಳಿಯುವ ವಿಮಾನಕ್ಕೆ ಈ ಜೋಡಿ ಹೇಳಿ ಮಾಡಿಸಿದ್ದು. ರೆಕ್ಕೆ ವಿಮಾನದ ನೆತ್ತಿಯ ಮೇಲಿದೆ. ಹಾಗಾಗಿ ಪ್ರೊಪೆಲ್ಲರ್‌ಗೆ ಚಿಮ್ಮುವ ಉಪ್ಪುನೀರಿನ ಕಾಟ ಕಡಿಮೆ, ಕಿಟಕಿಯಿಂದ ಕೆಳಗೆ ನೋಡುವವರಿಗೆ ರೆಕ್ಕೆಯ ಅಡ್ಡಿಯೂ ಇಲ್ಲ. ಚಕ್ರದ ಬದಲು ಎರಡು ಉದ್ದನೆಯ ಟೊಳ್ಳು ತೇಲುಗಳಿವೆ, ವಿಮಾನ ನಿಲ್ಲುವುದು ಅವುಗಳ ಮೇಲೆ. ಉಪ್ಪು ಲೋಹವನ್ನು ಬಿಡದೆ ತಿನ್ನುವುದರಿಂದ ಮೈಗೂ ಎಂಜಿನ್ನಿಗೂ ಸಿಹಿನೀರಿನ ಸ್ನಾನ ದಿನಚರಿಯ ಕೆಲಸ.

ನೆಲದ ಮೇಲೆ ಓಡುವ ಟ್ವಿನ್ ಆಟರ್‌ನಲ್ಲಿ 19 ಜನ ಕೂರಬಹುದು. ಮಾಲ್ಡೀವ್ಸ್‌ನಲ್ಲಿ ಸಾಮಾನ್ಯವಾಗಿ 15 ಸೀಟುಗಳಷ್ಟೇ. ವಿಮಾನ ಏರುವಾಗ ಒಟ್ಟು ತೂಕ 5,670 ಕಿಲೋ ಮೀರುವಂತಿಲ್ಲ. ಅದರಲ್ಲಿ ವಿಮಾನ, ತೇಲುಗಳು, ಇಂಧನ, ಇಬ್ಬರು ಪೈಲಟ್, ಒಬ್ಬ ಸಿಬ್ಬಂದಿ, ಪ್ರಯಾಣಿಕರು, ಅವರ ಸೂಟ್‌ಕೇಸ್ ಎಲ್ಲವೂ ಸೇರಬೇಕು. ಮುಂದೆ ಬರುವ ಅರ್ಧಕ್ಕರ್ಧ ನಿಯಮಗಳ ಮೂಲ ಈ ಒಂದು ಸಂಖ್ಯೆಯಲ್ಲಿದೆ. ಉಳಿದರ್ಧದ ಮೂಲ ಸೂರ್ಯ.

ಹಗಲಿದ್ದರೆ ಮಾತ್ರ ಹಾರಾಟ

ಸೀಪ್ಲೇನ್ ರಾತ್ರಿ ಹಾರುವುದಿಲ್ಲ. ನೀರಿನ ಮೇಲೆ ರನ್‌ವೇ ದೀಪಗಳಿಲ್ಲ, ಗೆರೆಗಳಿಲ್ಲ. ಇಳಿಯುವ ಜಾಗದಲ್ಲಿ ಮೀನುಗಾರರ ದೋಣಿ ಇದೆಯೇ, ಮರದ ದಿಮ್ಮಿ ತೇಲುತ್ತಿದೆಯೇ, ಹವಳದ ಬಂಡೆ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನೆಲ್ಲ ಪೈಲಟ್ ಕಣ್ಣಾರೆ ನೋಡಿಯೇ ತೀರ್ಮಾನಿಸಬೇಕು. ಭೂಮಧ್ಯರೇಖೆಗೆ ಹತ್ತಿರವಾದ್ದರಿಂದ ಅಲ್ಲಿ ವರ್ಷವಿಡೀ ಬೆಳಗಾಗುವುದು ಆರರ ಸುಮಾರಿಗೆ, ಕತ್ತಲಾಗುವುದೂ ಆರರ ಸುಮಾರಿಗೆ. ಬೇಸಿಗೆಯಲ್ಲಿ ಹೋದರೆ ಒಂದು ಗಂಟೆ ಹೆಚ್ಚು ಸಿಗುತ್ತದೆ ಎಂಬ ಅನುಕೂಲವೂ ಇಲ್ಲ.

ಆದ್ದರಿಂದ ಬೆಂಗಳೂರಿನಿಂದ ಹೊರಡುವವರು ಮೊದಲು ಅಗ್ಗದ ಟಿಕೆಟ್ ಹುಡುಕಿ, ಆಮೇಲೆ ಸೀಪ್ಲೇನ್ ಬಗ್ಗೆ ಯೋಚಿಸುವುದು ತಲೆಕೆಳಗಾದ ಕ್ರಮ. ಸಾಮಾನ್ಯವಾಗಿ ಪಾಲಿಸುವ ಗಡಿ ಮಧ್ಯಾಹ್ನ ಮೂರೂವರೆ. ಅಷ್ಟರೊಳಗೆ ಮಾಲೆಯ ವೆಲಾನಾ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಇಳಿದಿದ್ದರೆ ಅಂದೇ ರೆಸಾರ್ಟ್ ಸೇರಬಹುದು. 45 ನಿಮಿಷಕ್ಕೂ ಹೆಚ್ಚು ಹಾರಬೇಕಾದ ದೂರದ ಅಟಾಲ್‌ಗಳಿಗೆ ಈ ಗಡಿ ಇನ್ನೂ ಮುಂಚೆ ಮುಗಿಯುತ್ತದೆ. ಬೆಂಗಳೂರಿನಿಂದ ಮಾಲೆಗೆ ನೇರ ವಿಮಾನದಲ್ಲಿ ಸುಮಾರು ಎರಡು ಗಂಟೆ. ಬೆಳಗಿನದು ಸಿಕ್ಕಿದರೆ ಚಿಂತೆಯಿಲ್ಲ. ಮುಂಬೈ, ಕೊಚ್ಚಿ ಅಥವಾ ಕೊಲಂಬೊ ಸುತ್ತಿಕೊಂಡು ಸಂಜೆ ತಲುಪುವ ಟಿಕೆಟ್ ಐದಾರು ಸಾವಿರ ರೂಪಾಯಿ ಅಗ್ಗವಾಗಿ ಕಂಡರೂ, ಆ ರಾತ್ರಿಯ ಹೋಟೆಲ್ ಖರ್ಚು ಮತ್ತು ಬಳಸದೆ ಹೋದ ರೆಸಾರ್ಟ್ ಕೋಣೆಯ ಬಾಡಿಗೆ ಸೇರಿಸಿದರೆ ಅದೇ ದುಬಾರಿ.

ತಡವಾಗಿ ತಲುಪುವುದು ಅನಿವಾರ್ಯವಾದರೆ ರೆಸಾರ್ಟ್ ಬುಕಿಂಗನ್ನು ಮರುದಿನದಿಂದ ಇಟ್ಟುಕೊಂಡು, ಮೊದಲ ರಾತ್ರಿ ಹುಲ್ಹುಮಾಲೆಯಲ್ಲಿ ತಂಗುವುದು ಲೇಸು. ಸಮುದ್ರ ತುಂಬಿಸಿ ಮಾಡಿದ ಈ ದ್ವೀಪಕ್ಕೆ ವಿಮಾನ ನಿಲ್ದಾಣದಿಂದ ರಸ್ತೆಯಲ್ಲೇ ಹೋಗಬಹುದು, ಸಾಧಾರಣ ದರದ ಹೋಟೆಲ್‌ಗಳು ಸಾಕಷ್ಟಿವೆ.

ವಾಪಸಾಗುವಾಗಲೂ ಇದೇ ಲೆಕ್ಕ. ದಿನದ ಮೊದಲ ಸೀಪ್ಲೇನ್ ಬೆಳಕು ಹರಿದ ಮೇಲೆ ಹೊರಡುತ್ತದೆ, ಮಾಲೆ ತಲುಪಿ ಅಂತರರಾಷ್ಟ್ರೀಯ ಚೆಕ್-ಇನ್ ಮುಗಿಸಲು ಸಮಯ ಬೇಕು. ಬೆಳಿಗ್ಗೆ ಒಂಬತ್ತೂವರೆಗಿಂತ ಮೊದಲು ಮಾಲೆ ಬಿಡುವ ವಿಮಾನವನ್ನು ನಂಬಿಕೊಳ್ಳಬಾರದು. ಮಧ್ಯಾಹ್ನದ್ದು ನಿಶ್ಚಿಂತೆ.

ಬುಕಿಂಗ್ ಮತ್ತು ಖರ್ಚು

ಸೀಪ್ಲೇನ್ ಸೀಟನ್ನು ಪ್ರಯಾಣಿಕರು ತಾವೇ ಕೊಳ್ಳುವ ಪದ್ಧತಿ ಇಲ್ಲವೆಂದೇ ಹೇಳಬಹುದು. ರೆಸಾರ್ಟ್‌ನವರೇ ಮಾಡಿಸಿಕೊಡುತ್ತಾರೆ. ಅವರಿಗೆ ಅಂತರರಾಷ್ಟ್ರೀಯ ವಿಮಾನದ ಸಂಖ್ಯೆ, ತಲುಪುವ ಮತ್ತು ಹೊರಡುವ ಸಮಯ, ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಹೆಸರು, ಮಕ್ಕಳ ವಯಸ್ಸು ಕೊಟ್ಟರೆ ಸಾಕು. ಸೀಪ್ಲೇನ್ ಎಷ್ಟು ಗಂಟೆಗೆ ಎಂದು ತಿಂಗಳ ಮೊದಲೇ ಕೇಳಿದರೆ ಉತ್ತರ ಸಿಗುವುದಿಲ್ಲ. ಮರುದಿನ ಯಾವ ಹೊತ್ತಿಗೆ ಎಷ್ಟು ಜನ ಬರುತ್ತಾರೆ, ಯಾವ ರೆಸಾರ್ಟ್‌ಗೆ ಹೋಗುತ್ತಾರೆ ಎಂಬುದನ್ನೆಲ್ಲ ಜೋಡಿಸಿ ಹಿಂದಿನ ಸಂಜೆಯಷ್ಟೇ ವೇಳಾಪಟ್ಟಿ ಸಿದ್ಧವಾಗುತ್ತದೆ. ಬಸ್ಸಿನ ಟೈಮ್‌ಟೇಬಲ್ ನೋಡಿ ಬೆಳೆದವರಿಗೆ ಇದು ಕಸಿವಿಸಿ ತರಬಹುದು. ಆದರೆ 15 ಸೀಟಿನ ವಿಮಾನಗಳನ್ನು ಖಾಲಿ ಓಡಿಸದೆ ನೂರಾರು ಜನರನ್ನು ಹತ್ತಾರು ದ್ವೀಪಗಳಿಗೆ ಹಂಚಲು ಬೇರೆ ದಾರಿ ಕಾಣುವುದಿಲ್ಲ.

ದರ ದೂರದ ಮೇಲೆ ನಿಂತಿದೆ. ಹೋಗಿಬರಲು ದೊಡ್ಡವರೊಬ್ಬರಿಗೆ 400ರಿಂದ 700 ಡಾಲರ್ ಆಸುಪಾಸು ಎಂದು ಇಟ್ಟುಕೊಳ್ಳಬಹುದು. ಎರಡರಿಂದ ಹನ್ನೆರಡು ವರ್ಷದ ಒಳಗಿನ ಮಕ್ಕಳಿಗೆ ರಿಯಾಯಿತಿ ಇರುತ್ತದೆ, ಎರಡು ವರ್ಷದೊಳಗಿನ ಕೂಸಿಗೆ ಸಾಮಾನ್ಯವಾಗಿ ದರವಿಲ್ಲ. ನಾಲ್ವರ ಕುಟುಂಬಕ್ಕೆ ಇದೊಂದೇ ಬಾಬ್ತು ಒಂದು ಲಕ್ಷ ರೂಪಾಯಿ ದಾಟುವುದು ಸುಲಭ. ಜಾಹೀರಾತುಗಳಲ್ಲಿ ಕಾಣುವ ಕೋಣೆಯ ದರದಲ್ಲಿ ಇದು ಸೇರಿರುವುದಿಲ್ಲ, ಸೇರಿದೆಯೇ ಎಂದು ಕೇಳಿ ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು. ಇದರ ಮೇಲೆ ಸೇವಾ ಶುಲ್ಕ, ಪ್ರವಾಸೋದ್ಯಮದ ಜಿಎಸ್‌ಟಿ ಮತ್ತು ಹಸಿರು ತೆರಿಗೆ ಬೇರೆ. ರೆಸಾರ್ಟ್‌ಗಳಲ್ಲಿ ಹಸಿರು ತೆರಿಗೆ 2025ರ ಜನವರಿಯಿಂದ ತಲೆಗೆ, ರಾತ್ರಿಗೆ 12 ಡಾಲರ್ ಆಗಿದೆ. ಅದಕ್ಕೆ ಮೊದಲು ಆರು ಇತ್ತು.

ಇನ್ನೊಂದು ವಿಷಯ ಹಲವರನ್ನು ಗೊಂದಲಕ್ಕೆ ತಳ್ಳುತ್ತದೆ. ಮಾಲೆಯ ಗಡಿಯಾರ ಭಾರತಕ್ಕಿಂತ ಅರ್ಧ ಗಂಟೆ ಹಿಂದೆ. ಆದರೆ ಅನೇಕ ರೆಸಾರ್ಟ್‌ಗಳು ಅತಿಥಿಗಳಿಗೆ ಸಂಜೆಯ ಬೆಳಕು ಹೆಚ್ಚು ಸಿಗಲೆಂದು ತಮ್ಮ ಗಡಿಯಾರವನ್ನು ಮಾಲೆಗಿಂತ ಒಂದು ಗಂಟೆ ಮುಂದಿಡುತ್ತವೆ. ಅಲ್ಲಿಗೆ ಅದು ಭಾರತಕ್ಕಿಂತ ಅರ್ಧ ಗಂಟೆ ಮುಂದಾಯಿತು. ಸೀಪ್ಲೇನ್ ಕಂಪನಿಯ ಕೆಲಸವೆಲ್ಲ ಮಾಲೆ ಸಮಯದಲ್ಲಿ. ವಾಪಸಾಗುವ ದಿನ ‘ಎಂಟು ಗಂಟೆಗೆ ವಿಮಾನ’ ಎಂದು ಚೀಟಿ ಬಂದರೆ ಅದು ಯಾರ ಎಂಟು ಎಂದು ಕೇಳಿಯೇ ಮಲಗಬೇಕು. ಮೊಬೈಲ್ ತೋರಿಸುವ ಸಮಯ ಮಾಲೆಯದು, ರೆಸಾರ್ಟ್‌ನದಲ್ಲ.

ಮಾಲೆಯಲ್ಲಿ ಇಳಿದ ಮೇಲೆ

ಭಾರತೀಯರಿಗೆ ಪ್ರವಾಸಿ ವೀಸಾ ಇಳಿದಲ್ಲೇ ಉಚಿತವಾಗಿ ಸಿಗುತ್ತದೆ. ಪ್ರಯಾಣಕ್ಕೆ ಮೊದಲಿನ 96 ಗಂಟೆಗಳೊಳಗೆ ಇಮುಗಾ ಎಂಬ ಸರ್ಕಾರಿ ತಾಣದಲ್ಲಿ ಪ್ರಯಾಣಿಕರ ಘೋಷಣೆ ತುಂಬಬೇಕು. ಇದಕ್ಕೆ ಹಣವಿಲ್ಲ, ಹಣ ಕೇಳುವ ತಾಣ ನಕಲಿ. ಬರುವಾಗಲೂ ಹೋಗುವಾಗಲೂ ಬೇರೆ ಬೇರೆಯಾಗಿ ತುಂಬಬೇಕು. ರೆಸಾರ್ಟ್ ಬುಕಿಂಗ್ ಮತ್ತು ವಾಪಸು ಟಿಕೆಟ್‌ನ ಪ್ರತಿ ಕೈಯಲ್ಲಿರಲಿ.

ಕಸ್ಟಮ್ಸ್‌ನಲ್ಲಿ ಎಲ್ಲ ಬ್ಯಾಗುಗಳೂ ಎಕ್ಸ್-ರೇ ಯಂತ್ರದ ಮೂಲಕ ಹೋಗುತ್ತವೆ. ಮದ್ಯ ಒಯ್ಯುವಂತಿಲ್ಲ. ಬೆಂಗಳೂರಿನ ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡ ಸೀಲ್ ಒಡೆಯದ ಬಾಟಲಿಗೂ ವಿನಾಯಿತಿ ಇಲ್ಲ. ರೆಸಾರ್ಟ್‌ಗಳಲ್ಲಿ ಮದ್ಯ ಸಿಗುತ್ತದೆ, ಆದರೆ ಹೊರಗಿನಿಂದ ತರುವುದು ನಿಷಿದ್ಧ. ಹಂದಿಮಾಂಸದ ಪದಾರ್ಥಗಳಿಗೂ ತಡೆ ಇದೆ. ಪೂಜೆಯ ವಿಗ್ರಹಗಳ ಮೇಲೂ ನಿಷೇಧವಿದೆ. ಬ್ಯಾಗಿನ ಮೂಲೆಯಲ್ಲಿ ಪುಟ್ಟ ಗಣಪನನ್ನು ಇಟ್ಟುಕೊಂಡು ಹೊರಡುವ ರೂಢಿ ಇರುವವರು ಈ ಒಂದು ಪ್ರವಾಸಕ್ಕೆ ಅವನನ್ನು ಮನೆಯಲ್ಲೇ ಬಿಡುವುದು ಕ್ಷೇಮ.

ಹೊರಬಂದರೆ ರೆಸಾರ್ಟ್‌ನ ಹೆಸರಿನ ಫಲಕ ಹಿಡಿದ ಪ್ರತಿನಿಧಿ ಕಾಯುತ್ತಿರುತ್ತಾರೆ. ಸೀಪ್ಲೇನ್ ಕೌಂಟರ್‌ನಲ್ಲಿ ಪಾಸ್‌ಪೋರ್ಟ್ ತೋರಿಸಿ ಸಾಮಾನು ತೂಗಿಸಬೇಕು. ಸಾಮಾನ್ಯ ಮಿತಿ ತಲೆಗೆ 20 ಕಿಲೋ ಸಾಮಾನು, 5 ಕಿಲೋ ಕೈಚೀಲ. ಕೈಚೀಲವನ್ನೂ ತೂಗುತ್ತಾರೆ. ದೊಡ್ಡ ವಿಮಾನದ ಟಿಕೆಟ್‌ನಲ್ಲಿ 30 ಕಿಲೋ ಬಿಟ್ಟಿದ್ದಾರೆಂದು ತುಂಬಿಕೊಂಡು ಬಂದವರು ಇಲ್ಲಿ ಕಿಲೋ ಲೆಕ್ಕದಲ್ಲಿ ಡಾಲರ್ ಎಣಿಸಬೇಕಾಗುತ್ತದೆ. ಕಂಪನಿ ದುಡ್ಡಿಗೆ ಆಸೆಪಟ್ಟು ಮಾಡಿದ ನಿಯಮ ಎಂದು ಗೊಣಗುವುದು ಸಹಜ, ಆದರೆ 5,670 ಕಿಲೋದ ಗಡಿ ನೆನೆದರೆ ಗೊಣಗಾಟ ಅಷ್ಟು ನ್ಯಾಯವಲ್ಲ. ಗಟ್ಟಿ ಚಿಪ್ಪಿನ ದೊಡ್ಡ ಟ್ರಾಲಿಗಿಂತ ಮೆತ್ತನೆಯ ಬ್ಯಾಗು ವಿಮಾನದ ಹಿಂಬದಿಯ ಇಕ್ಕಟ್ಟಿನಲ್ಲಿ ಸುಲಭವಾಗಿ ಹಿಡಿಸುತ್ತದೆ.

ತೂಕ ಹೆಚ್ಚಾದ ದಿನ ಕೆಲವು ಬ್ಯಾಗುಗಳನ್ನು ಹಿಂದೆ ಉಳಿಸಿ ಮುಂದಿನ ವಿಮಾನದಲ್ಲಿ ಕಳಿಸುವುದುಂಟು. ಸಾಮಾನು ಕಳೆದುಹೋಗುವುದಿಲ್ಲ, ತಡವಾಗುತ್ತದೆ ಅಷ್ಟೇ. ಅದಕ್ಕಾಗಿ ಬಿ.ಪಿ., ಶುಗರ್ ಮಾತ್ರೆಗಳು, ಒಂದು ಜತೆ ಬಟ್ಟೆ, ಈಜುಡುಗೆ, ಮಗುವಿನ ಆಹಾರ, ಚಾರ್ಜರ್ ಇವು ಆ ಐದು ಕಿಲೋದ ಕೈಚೀಲದಲ್ಲೇ ಇರಬೇಕು.

ಸೀಪ್ಲೇನ್ ಟರ್ಮಿನಲ್ ವಿಮಾನ ನಿಲ್ದಾಣದ ಇನ್ನೊಂದು ಬದಿಯಲ್ಲಿದೆ, ವ್ಯಾನ್‌ನಲ್ಲಿ ಕರೆದೊಯ್ಯುತ್ತಾರೆ. 2022ರಲ್ಲಿ ಆರಂಭವಾದ ನೂವಿಲು ಟರ್ಮಿನಲ್‌ನಲ್ಲಿ ಅನೇಕ ರೆಸಾರ್ಟ್‌ಗಳು ಸ್ವಂತ ಲಾಂಜ್ ಇಟ್ಟುಕೊಂಡಿವೆ. ಕಾಯುವ ಹೊತ್ತು ಅರ್ಧ ಗಂಟೆಯೂ ಆಗಬಹುದು, ಮೂರು ಗಂಟೆಯೂ ಆಗಬಹುದು. ಅಲ್ಲಿನ ಶೌಚಾಲಯ ಬಳಸಿಯೇ ಹೊರಡಬೇಕು, ವಿಮಾನದಲ್ಲಿ ಅದಿಲ್ಲ.

ನೀರಿನಿಂದ ನೀರಿಗೆ

ವಿಮಾನ ಹತ್ತುವುದು ತೇಲುವ ಕಟ್ಟೆಯಿಂದ. ಅಲೆ ಬಂದಂತೆ ಕಟ್ಟೆಯೂ ವಿಮಾನವೂ ಬೇರೆ ಬೇರೆ ಲಯದಲ್ಲಿ ಅಲ್ಲಾಡುತ್ತವೆ. ಕಿರಿದಾದ ಏಣಿಯ ನಾಲ್ಕು ಮೆಟ್ಟಿಲು ಹತ್ತಿ, ತಲೆ ತಗ್ಗಿಸಿ ಒಳನುಗ್ಗಬೇಕು. ಸಿಬ್ಬಂದಿ ಕೈ ಹಿಡಿದು ಹತ್ತಿಸುತ್ತಾರೆ. ಹಿಮ್ಮಡಿ ಎತ್ತರದ ಚಪ್ಪಲಿ ಇಲ್ಲಿ ಬೇಡವೇ ಬೇಡ. ಸೀರೆ ಉಟ್ಟವರು ನೆರಿಗೆ ಎತ್ತಿ ಹಿಡಿದು ಹತ್ತಬಹುದು, ಆದರೆ ಚೂಡಿದಾರ್ ಅಥವಾ ಪ್ಯಾಂಟ್ ಹಗುರ. ಪೈಲಟ್‌ಗಳೇ ಅರ್ಧ ಚಡ್ಡಿಯಲ್ಲಿ, ಎಷ್ಟೋ ಸಲ ಬರಿಗಾಲಲ್ಲಿ ವಿಮಾನ ನಡೆಸುತ್ತಾರೆ. ಒದ್ದೆ ತೇಲಿನ ಮೇಲೆ ನಡೆದಾಡುವ ಕೆಲಸದಲ್ಲಿ ಬರಿಗಾಲಿಗೆ ಸಿಗುವ ಹಿಡಿತ ಶೂಗೆ ಸಿಗುವುದಿಲ್ಲ.

ಸೀಟಿಗೆ ಸಂಖ್ಯೆ ಇಲ್ಲ, ಮೊದಲು ಹತ್ತಿದವರಿಗೆ ಆಯ್ಕೆ. ಆದರೂ ತೂಕ ಹೊಂದಿಸಲು ಸಿಬ್ಬಂದಿ ಎದ್ದು ಅಲ್ಲಿ ಕೂರಿ ಎಂದರೆ ಮರುಮಾತಿಲ್ಲದೆ ಏಳಬೇಕು. ಕಾಕ್‌ಪಿಟ್ ಕಾಣುವ ಆಸೆ ಇದ್ದರೆ ಮುಂದಿನ ಸಾಲು, ಕೆಳಗಿನ ದ್ವೀಪಗಳನ್ನು ನೋಡಲು ರೆಕ್ಕೆಗಿಂತ ಹಿಂದಿನ ಸಾಲು ಉತ್ತಮ. ಮಧ್ಯಾಹ್ನದ ನಂತರ ಉತ್ತರದ ಅಟಾಲ್‌ಗಳತ್ತ ಹೋಗುವವರಿಗೆ ಬಲಗಡೆ ಕೂತರೆ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ. ಮಾಲೆಯಿಂದ ಬಾ ಅಟಾಲ್‌ಗೆ ಸುಮಾರು ಅರ್ಧ ಗಂಟೆ, ಆರಿ ಅಟಾಲ್‌ಗೆ ಅದಕ್ಕೂ ಕಡಿಮೆ. ಒಂದೇ ವಿಮಾನ ಎರಡು ಮೂರು ರೆಸಾರ್ಟ್‌ಗಳಲ್ಲಿ ಇಳಿಯುತ್ತ ಹೋದರೆ ಈ ಲೆಕ್ಕ ತಪ್ಪುತ್ತದೆ.

ಒಳಗೆ ಏಸಿ ಇಲ್ಲ. ಬಾಗಿಲು ಹಾಕಿ ಹೊರಡುವವರೆಗೆ ಬೆವರು ಕಿತ್ತುಕೊಂಡು ಬರುತ್ತದೆ. ಸದ್ದು ಜೋರು, ಕಿವಿಗೆ ಸಿಕ್ಕಿಸಿಕೊಳ್ಳಲು ಸ್ಪಂಜಿನ ಬಿರಡೆ ಕೊಡುತ್ತಾರೆ. ಚಿಕ್ಕ ಮಕ್ಕಳಿಗೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಮನೆಯಿಂದಲೇ ಒಯ್ಯುವುದು ವಾಸಿ.

ಹೊರಡುವ ಮೊದಲು ಬಾಗಿಲು ಎಲ್ಲಿದೆ, ಲೈಫ್ ಜಾಕೆಟ್ ಎಲ್ಲಿದೆ ಎಂದು ಹೇಳುವಾಗ ಮೊಬೈಲ್ ಬದಿಗಿಡಬೇಕು. ಒಂದು ಮಾತು ಮಾತ್ರ ಎಂದೂ ಮರೆಯಬಾರದು: ಲೈಫ್ ಜಾಕೆಟ್‌ಗೆ ಗಾಳಿ ತುಂಬಿಸುವುದು ವಿಮಾನದಿಂದ ಹೊರಬಂದ ಮೇಲೆ. ಒಳಗೇ ತುಂಬಿಸಿಕೊಂಡರೆ, ವಿಮಾನದೊಳಗೆ ನೀರು ನುಗ್ಗಿದಾಗ ಉಬ್ಬಿದ ಜಾಕೆಟ್ ಮನುಷ್ಯನನ್ನು ಛಾವಣಿಗೆ ಒತ್ತಿ ಹಿಡಿಯುತ್ತದೆ. ಮುಳುಗಿ ಬಾಗಿಲು ಸೇರುವ ಅವಕಾಶವೇ ತಪ್ಪಿಹೋಗುತ್ತದೆ.

ಹಗ್ಗ ಬಿಚ್ಚಿದ ಕ್ಷಣದಿಂದ ವಿಮಾನ ಒಂದು ದೋಣಿ. ನೀರಿನ ಮೇಲೆ ಬ್ರೇಕ್ ಇಲ್ಲ. ತೇಲುಗಳ ಹಿಂತುದಿಯ ಪುಟ್ಟ ಚುಕ್ಕಾಣಿಗಳಿಂದ ಮತ್ತು ಎರಡು ಎಂಜಿನ್‌ಗಳ ಏರಿಳಿತದಿಂದ ದಿಕ್ಕು ತಿರುಗಿಸುತ್ತಾರೆ. ಗಾಳಿಗೆ ಮುಖಮಾಡಿ ನಿಂತು ಪೂರ್ತಿ ಶಕ್ತಿ ಕೊಟ್ಟಾಗ ಮೂತಿ ಮೇಲೇಳುತ್ತದೆ, ಎರಡೂ ಬದಿಯ ಕಿಟಕಿಗಳು ಬಿಳಿ ನೊರೆಯಲ್ಲಿ ಮುಚ್ಚಿಹೋಗುತ್ತವೆ. ಮೊದಲ ಬಾರಿ ಕೂತವರಿಗೆ ಮುಳುಗುತ್ತಿದ್ದೇವೆ ಎನ್ನಿಸುವುದು ಇಲ್ಲೇ. ಕೆಲವೇ ಸೆಕೆಂಡುಗಳಲ್ಲಿ ತೇಲುಗಳು ನೀರನ್ನು ಸೀಳುವುದು ಬಿಟ್ಟು ಅದರ ಮೇಲೆ ಜಾರಲು ಶುರುಮಾಡುತ್ತವೆ, ತಟತಟ ಸದ್ದು ಏಳುತ್ತದೆ, ಮತ್ತೆ ಆ ಸದ್ದು ನಿಂತರೆ ವಿಮಾನ ಮೇಲೆದ್ದಿದೆ ಎಂದರ್ಥ.

ಹಾರಾಟ ಸಾಮಾನ್ಯವಾಗಿ 3,000 ಮೀಟರ್‌ಗಿಂತ ಕೆಳಗೇ. ದುಡ್ಡು ಕೊಟ್ಟಿದ್ದು ಸಾರ್ಥಕ ಎನ್ನಿಸುವುದು ಇದಕ್ಕೇ. ಆಳದ ಕಾಲುವೆಯ ಕಡುನೀಲಿ, ಹವಳದಂಚಿನ ಕಂದು, ಒಳಗಿನ ತೆಳು ಹಸಿರು, ನಡುವೆ ಮರಳಿನ ಬಿಳಿ ಮಚ್ಚೆ, ಹೀಗೆ ನೀರಿನ ಆಳವನ್ನು ಬಣ್ಣ ನೋಡಿಯೇ ಹೇಳಬಹುದು. ಫೋಟೊ ತೆಗೆಯುವವರು ಮೊಬೈಲನ್ನು ಕಿಟಕಿಗೆ ಒತ್ತಬಾರದು, ನಡುಕಕ್ಕೆ ಚಿತ್ರ ಮಸುಕಾಗುತ್ತದೆ. ಕ್ಯಾಮೆರಾಕ್ಕೆ ಪೋಲರೈಸರ್ ಫಿಲ್ಟರ್ ಇದ್ದರೆ ಬಿಚ್ಚಿಡಬೇಕು, ಪ್ಲಾಸ್ಟಿಕ್ ಕಿಟಕಿಯ ಮೂಲಕ ಅದು ಕಾಮನಬಿಲ್ಲಿನ ಗೆರೆಗಳನ್ನು ಮೂಡಿಸುತ್ತದೆ.

ಇಳಿಯುವಾಗ ಕನ್ನಡಿಯಂತೆ ನಿಶ್ಚಲವಾದ ನೀರು ಸುಲಭ ಎಂದು ತೋರುತ್ತದೆ. ಪೈಲಟ್‌ಗಳ ಮಟ್ಟಿಗೆ ಅದೇ ಕಷ್ಟ. ನೀರಿನ ಮೇಲೆ ಸಣ್ಣ ಸುಕ್ಕುಗಳಿದ್ದರೆ ಎಷ್ಟು ಎತ್ತರದಲ್ಲಿದ್ದೇವೆ ಎಂದು ಕಣ್ಣು ಅಳೆಯುತ್ತದೆ, ಕನ್ನಡಿಯಲ್ಲಿ ಆಕಾಶವೇ ಕಾಣುತ್ತದೆ. ಹಾಗಾಗಿ ಅಂಥ ದಿನ ವಿಮಾನ ಬಹಳ ಹೊತ್ತು ನಿಧಾನವಾಗಿ ಇಳಿಯುತ್ತಿದ್ದರೆ ಗಾಬರಿಪಡಬೇಕಿಲ್ಲ. ಕೆಲವು ರೆಸಾರ್ಟ್‌ಗಳಲ್ಲಿ ವಿಮಾನ ನೇರ ಕಟ್ಟೆಗೇ ಬರುತ್ತದೆ. ಉಳಿದೆಡೆ ಸಮುದ್ರದ ನಡುವೆ ಲಂಗರು ಹಾಕಿದ ಮರದ ತೆಪ್ಪದ ಬಳಿ ನಿಲ್ಲುತ್ತದೆ, ಅಲ್ಲಿಂದ ರೆಸಾರ್ಟ್‌ನ ದೋಣಿ ಕರೆದೊಯ್ಯುತ್ತದೆ.

ಮಳೆ, ಹೊಟ್ಟೆ, ಮಂಡಿನೋವು

ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಈಶಾನ್ಯ ಮಾರುತದ ಒಣ ಕಾಲ, ಸಮುದ್ರ ಶಾಂತ. ಮೇಯಿಂದ ಅಕ್ಟೋಬರ್‌ವರೆಗೆ ನೈರುತ್ಯ ಮಾರುತ. ಆಗ ದಟ್ಟ ಮಳೆಯ ತೆರೆ ಎದುರಾದರೆ ಸೀಪ್ಲೇನ್ ಕಾಯುತ್ತದೆ ಅಥವಾ ಹಿಂತಿರುಗುತ್ತದೆ. ಕಣ್ಣಿನ ಅಂದಾಜಿನಲ್ಲಿ ಹಾರುವ ವಿಮಾನ ಅದನ್ನೇ ಮಾಡಬೇಕು. ಹಾಗೆಂದು ಮಳೆಗಾಲವನ್ನು ಪೂರ್ತಿ ತಳ್ಳಿಹಾಕುವುದೂ ಸರಿಯಲ್ಲ. 2011ರಲ್ಲಿ ಯುನೆಸ್ಕೊ ಜೀವಗೋಳ ಮೀಸಲು ಪ್ರದೇಶದ ಪಟ್ಟಿಗೆ ಸೇರಿದ ಬಾ ಅಟಾಲ್‌ನ ಹನಿಫರು ಕೊಲ್ಲಿಯಲ್ಲಿ ಮಾಂಟಾ ರೇ ಮೀನುಗಳು ಗುಂಪು ಸೇರುವುದು ಈ ತಿಂಗಳುಗಳಲ್ಲೇ. ಮಳೆಗಾಲದಲ್ಲಿ ಹೋಗುವವರು ವಾಪಸು ವಿಮಾನಕ್ಕೆ ಮೊದಲು ನಾಲ್ಕೈದು ಗಂಟೆ ಬಿಡುವು ಇಟ್ಟುಕೊಂಡರೆ ಸಾಕು.

ಬಸ್ಸಿನಲ್ಲಿ ಘಾಟಿ ಹತ್ತುವಾಗ ಹೊಟ್ಟೆ ತೊಳಸುವವರಿಗೆ ಇಲ್ಲೂ ಹಾಗಾಗಬಹುದು. ವೈದ್ಯರು ಹೇಳಿದ ಮಾತ್ರೆಯನ್ನು ಹೊರಡುವ ಅರ್ಧ ಗಂಟೆ ಮೊದಲೇ ನುಂಗಬೇಕು, ಹಾರಿದ ಮೇಲೆ ನುಂಗಿ ಪ್ರಯೋಜನವಿಲ್ಲ. ರೆಕ್ಕೆಯ ಹತ್ತಿರದ ಸೀಟಿನಲ್ಲಿ ಕುಲುಕಾಟ ಕಡಿಮೆ. ಜೋರು ನೆಗಡಿಯಿದ್ದರೆ ಕಿವಿ ಕಟ್ಟಿಕೊಂಡು ನೋಯುತ್ತದೆ, ಏಕೆಂದರೆ ಒಳಗಿನ ಗಾಳಿಯ ಒತ್ತಡವನ್ನು ಕಾಪಾಡುವ ವ್ಯವಸ್ಥೆ ಈ ವಿಮಾನದಲ್ಲಿಲ್ಲ. ಮಂಡಿನೋವಿನ ಹಿರಿಯರಿಗೆ, ಗಾಲಿಕುರ್ಚಿಯವರಿಗೆ ಏಣಿಯೇ ದೊಡ್ಡ ಅಡ್ಡಿ. ಅಂಥವರು ಜತೆಯಲ್ಲಿದ್ದರೆ ಮಾಲೆಗೆ ಹತ್ತಿರದ, ಸ್ಪೀಡ್‌ಬೋಟ್‌ನಲ್ಲಿ ಹೋಗಬಹುದಾದ ರೆಸಾರ್ಟ್ ಆರಿಸುವುದೇ ಸರಿ.

ಚಕ್ರದ ವಿಮಾನವೂ ಇದೆ

ಸೀಪ್ಲೇನ್ ಒಂದೇ ದಾರಿಯಲ್ಲ. ಬಾ ಅಟಾಲ್‌ನ ಧರವಂಧೂ, ದಕ್ಷಿಣ ಆರಿಯ ಮಾಮಿಗಿಲಿ, ಧಾಲು, ದಕ್ಷಿಣದ ತುತ್ತತುದಿಯ ಗಾನ್ ಮೊದಲಾದ ಕಡೆ ದೇಶೀಯ ವಿಮಾನ ನಿಲ್ದಾಣಗಳಿವೆ. ಎಟಿಆರ್, ಡ್ಯಾಶ್-8ರಂಥ ಪ್ರೊಪೆಲ್ಲರ್ ವಿಮಾನಗಳು ಅಲ್ಲಿಗೆ ಹಾರುತ್ತವೆ, ಅಲ್ಲಿಂದ ಸ್ಪೀಡ್‌ಬೋಟ್. ಗಾನ್ ರನ್‌ವೇ ಬ್ರಿಟಿಷ್ ವಾಯುಪಡೆ ಕಟ್ಟಿ 1976ರವರೆಗೆ ಬಳಸಿದ್ದು. ಈ ವಿಮಾನಗಳು ಕತ್ತಲಾದ ಮೇಲೂ ಹಾರುವುದರಿಂದ ಸಂಜೆ ಮಾಲೆ ತಲುಪುವವರಿಗೆ ಒಂದು ರಾತ್ರಿಯ ಹೋಟೆಲ್ ಉಳಿಯುತ್ತದೆ, ದರವೂ ಅನೇಕ ವೇಳೆ ಕಡಿಮೆ. ಸಮುದ್ರದ ಮೇಲೆ ಇಳಿಯುವ ಅನುಭವ ಮಾತ್ರ ಸಿಗುವುದಿಲ್ಲ. ಹೋಗುವಾಗ ಸೀಪ್ಲೇನ್, ಬರುವಾಗ ಚಕ್ರದ ವಿಮಾನ ಎಂದು ಬೆರೆಸಿ ಕೊಡುವ ರೆಸಾರ್ಟ್‌ಗಳೂ ಇವೆ, ಕೇಳಿ ನೋಡಬಹುದು.

ವಾಪಸಾಗುವ ಹಿಂದಿನ ದಿನ

ಸ್ಕೂಬಾ ಡೈವಿಂಗ್ ಮಾಡುವವರು ಕೊನೆಯ ದಿನದ ಲೆಕ್ಕ ಮೊದಲೇ ಹಾಕಬೇಕು. ಆಳದಲ್ಲಿ ಉಸಿರಾಡಿದಾಗ ರಕ್ತದಲ್ಲಿ, ಅಂಗಾಂಶಗಳಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲು ಸಮಯ ಬೇಕು. ಅಷ್ಟರಲ್ಲಿ ವಿಮಾನ ಹತ್ತಿ ಗಾಳಿಯ ಒತ್ತಡ ಕಡಿಮೆಯಾದರೆ ಅದು ಗುಳ್ಳೆಗಳಾಗಿ ಕೀಲುಗಳಿಗೆ, ನರಗಳಿಗೆ ಅಪಾಯ ತರುತ್ತದೆ. ಹಲವು ಸಲ ಡೈವ್ ಮಾಡಿದವರು ಕನಿಷ್ಠ 18 ಗಂಟೆ ಕಾಯಬೇಕೆಂಬುದು ಒಪ್ಪಿತ ಸಲಹೆ, ಹೆಚ್ಚಿನ ರೆಸಾರ್ಟ್‌ಗಳು 24 ಗಂಟೆ ಎನ್ನುತ್ತವೆ. ಲೆಕ್ಕ ಮಾಡುವುದು ಸೀಪ್ಲೇನ್ ಹೊರಡುವ ಹೊತ್ತಿಗೆ, ಮಾಲೆಯಿಂದ ಹೊರಡುವ ಹೊತ್ತಿಗಲ್ಲ. ಮೇಲ್ಮೈಯಲ್ಲೇ ಈಜುವ ಸ್ನಾರ್ಕಲಿಂಗ್‌ಗೆ ಈ ತೊಡಕಿಲ್ಲ.

ಹಿಂದಿನ ಸಂಜೆ ಕೋಣೆಗೆ ಬರುವ ಚೀಟಿಯಲ್ಲಿ ಸೀಪ್ಲೇನ್ ಸಮಯ ಇರುತ್ತದೆ. ಮಧ್ಯಾಹ್ನದ ವಿಮಾನಕ್ಕೂ ಬೆಳಗಿನ ಏಳಕ್ಕೇ ಕರೆ ಬಂದರೆ ಆಶ್ಚರ್ಯವಿಲ್ಲ, ತಿಂಡಿ ಕಟ್ಟಿಕೊಡಲು ಹೇಳಬಹುದು. ಒದ್ದೆ ಬಟ್ಟೆ ತೂಕ ಹೆಚ್ಚಿಸುತ್ತದೆ, ಹಿಂದಿನ ದಿನವೇ ಒಣಗಿಸಬೇಕು. ಹವಳದ ತುಂಡನ್ನು ನೆನಪಿಗೆಂದು ಬ್ಯಾಗಿಗೆ ಸೇರಿಸಬಾರದು, ಹೊರಗೆ ಒಯ್ಯುವುದು ಕಾನೂನುಬಾಹಿರ.

ಹತ್ತಿರದಲ್ಲೇ ಇರುವ ಇನ್ನೊಂದು ದಾರಿ

ಇಷ್ಟು ದುಡ್ಡು ಸುರಿಯಲು ಮನಸ್ಸಿಲ್ಲದವರಿಗೆ ಅದೇ ಹವಳದ ಸಾಲಿನ ಉತ್ತರದ ಕೊನೆ, ಲಕ್ಷದ್ವೀಪ ಇದೆ. ಕನ್ನಡನಾಡಿಗೆ ಅದು ತೀರ ಪರಕೀಯವೂ ಅಲ್ಲ. ಅಮೀನಿ, ಕಡಮತ್, ಕಿಲ್ತಾನ್, ಚೆಟ್ಲತ್ ಸೇರಿದ ಅಮೀನ್‌ದಿವಿ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಇಡೀ ಲಕ್ಷದ್ವೀಪಕ್ಕೆ ಇರುವ ಒಂದೇ ನಾಗರಿಕ ವಿಮಾನ ನಿಲ್ದಾಣ ಅಗತ್ತಿಯಲ್ಲಿದೆ. 1988ರಲ್ಲಿ ಪುಟ್ಟ ಡಾರ್ನಿಯರ್ ವಿಮಾನಗಳಿಗೆಂದು ಮಾಡಿದ ಅದರ ರನ್‌ವೇ ಸುಮಾರು 1,200 ಮೀಟರ್, ಎರಡೂ ತುದಿಯಲ್ಲಿ ಸಮುದ್ರ. ಈಗ ಎಟಿಆರ್-72 ಇಳಿಯುತ್ತದೆ, ಆದರೆ ಚಿಕ್ಕ ರನ್‌ವೇ ಕಾರಣ ತೂಕ ತಗ್ಗಿಸಿಯೇ ಹಾರಬೇಕು. ಕೊಚ್ಚಿಯಿಂದ ಬಹುಕಾಲದಿಂದ ಸೇವೆ ಇದೆ, ಬೆಂಗಳೂರಿನಿಂದ ನೇರ ವಿಮಾನ 2024ರಲ್ಲಿ ಆರಂಭವಾಯಿತು. ಅಗತ್ತಿಯಿಂದ ಬಂಗಾರಂ ದ್ವೀಪದ ರೆಸಾರ್ಟ್‌ಗೆ ದೋಣಿಯಲ್ಲಿ ಹೋಗಬೇಕು. ಭಾರತೀಯರಿಗೆ ಪಾಸ್‌ಪೋರ್ಟ್ ಬೇಡ, ಪ್ರವೇಶ ಪರವಾನಗಿ ಕಡ್ಡಾಯ. ಅರ್ಜಿಗೆ ಪೊಲೀಸ್ ಪರಿಶೀಲನೆಯ ಪ್ರಮಾಣಪತ್ರ ಕೇಳುವುದರಿಂದ ಕೆಲವು ವಾರ ಹಿಡಿಯಬಹುದು. ಪರವಾನಗಿ ಕೈಗೆ ಬರುವ ಮೊದಲು ಹಣ ಹಿಂತಿರುಗದ ಟಿಕೆಟ್ ತೆಗೆಯಬಾರದು.